ಬೆಳಗಿನ ಕುಂಬಳ, ಸಂಜೆಯ ಹೀರೆ

ಕಾರವಾರದ ಕಾಜುಬಾಗ, ಕೋಡಿಬಾಗ, ಹಬ್ಬುವಾಡದ ಹಳೆಯ ಮನೆಗಳಿಗೆ ಈಗಲೂ ಹಿತ್ತಲಿದೆ. ಚಿರೆಕಲ್ಲಿನ ಕಂಪೌಂಡು, ಬಾವಿ, ಒಂದೆರಡು ತೆಂಗು, ಬಚ್ಚಲ ನೀರು ಹೋಗುವಲ್ಲಿ ಬಾಳೆ, ಪಕ್ಕದಲ್ಲೇ ಬಸಳೆ ಚಪ್ಪರ. ಇಷ್ಟು ಜಾಗದಲ್ಲಿ ಬೆಳೆಯುವ ತರಕಾರಿಗೆ ಖರ್ಚಿನ ಲೆಕ್ಕ ಹಾಕಿದರೆ ಭಾನುವಾರದ ಸಂತೆಯೇ ಅಗ್ಗವಾದೀತು. ಆದರೂ ಜನ ಹಿತ್ತಲು ಬಿಡುವುದಿಲ್ಲ. ಅಲ್ಲಿನ ಒಂದೊಂದು ಹೂವಿಗೂ ಒಂದೊಂದು ಹೊತ್ತಿದೆ. ಆ ಹೊತ್ತು ಗೊತ್ತಿದ್ದವರಿಗೆ ಬೆಳಗಿನಿಂದ ರಾತ್ರಿಯವರೆಗೆ ಏನಾದರೊಂದು ನೋಡುವುದಕ್ಕೆ ಸಿಕ್ಕೇ ಸಿಗುತ್ತದೆ.

ಮೊದಲ ಪಾಳಿ ಸಿಹಿಗುಂಬಳದ್ದು. ಸೂರ್ಯ ಏಳುವ ಹೊತ್ತಿಗೆ ಅಂಗೈಯಗಲದ ಹಳದಿ ಹೂ ಬಿರಿದಿರುತ್ತದೆ. ಬಿಸಿಲು ಬಲಿತಂತೆ ಮುದುಡಿ, ಮಧ್ಯಾಹ್ನದೊಳಗೆ ಮುಚ್ಚಿಕೊಂಡರೆ ಮತ್ತೆ ಅರಳುವುದಿಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಇರುವುದು ಒಂದೇ ಬಳ್ಳಿಯಲ್ಲಿ. ಬುಡದಲ್ಲಿ ಗೋಲಿಯಷ್ಟು ಕಾಯಿ ಇದ್ದರೆ ಅದು ಹೆಣ್ಣು. ಬಳ್ಳಿಯಲ್ಲಿ ಮೊದಮೊದಲು ಬರುವುದೆಲ್ಲ ಸಾಮಾನ್ಯವಾಗಿ ಗಂಡು ಹೂವೇ. ‘ಹೂ ಬಿಟ್ಟರೂ ಕಾಯಿ ಕಚ್ಚಲಿಲ್ಲ’ ಎಂದು ಆಗಲೇ ಗೊಬ್ಬರ ಸುರಿಯಬೇಕಾಗಿಲ್ಲ.

ಕುಂಬಳದ ಪರಾಗ ದಪ್ಪ, ಅಂಟು ಬೇರೆ. ಗಾಳಿಗೆ ಹಾರುವುದಿಲ್ಲ, ಜೇನೇ ಹೊತ್ತು ತರಬೇಕು. ನಮ್ಮ ಕರಾವಳಿಯ ತೊಂದರೆ ಇರುವುದು ಇಲ್ಲೇ. ವರ್ಷದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದುಹೋಗುತ್ತದೆ. ಜಡಿಮಳೆಯಲ್ಲಿ ತುಡುವೆ ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ಇತ್ತ ಹೂವಿನಲ್ಲಿ ನೀರು ನಿಂತು, ಪರಾಗದ ಕಣ ನೀರು ಕುಡಿದು ಉಬ್ಬಿ ಒಡೆಯುತ್ತದೆ. ನಾಲ್ಕು ದಿನಕ್ಕೆ ಆ ಗೋಲಿಯಂಥ ಕಾಯಿ ಹಳದಿಯಾಗಿ ಉದುರಿದರೆ ಬೈಗುಳ ತಿನ್ನುವುದು ಪಾಪ, ಹುಳ.

ಮಳೆ ಸ್ವಲ್ಪ ಹೊಳವಾದ ಬೆಳಿಗ್ಗೆ ಜೇನಿನ ಆ ಕೆಲಸವನ್ನು ನಾವೇ ಮಾಡಬಹುದು. ಎಂಟು ಗಂಟೆಯೊಳಗೆ ಆಗಬೇಕು. ಒಂದು ಗಂಡು ಹೂ ಕೊಯ್ದು ಎಸಳು ಕಿತ್ತರೆ ನಡುವಿನ ದಂಡೊಂದೇ ಉಳಿಯುತ್ತದೆ. ಬೆರಳು ತಾಗಿಸಿದರೆ ಅರಿಶಿನ ಮುಟ್ಟಿದ ಹಾಗೆ ಹಳದಿ ಅಂಟುತ್ತದೆ. ಅದನ್ನು ಹೆಣ್ಣು ಹೂವಿನೊಳಗಿನ ಶಲಾಕಾಗ್ರಕ್ಕೆ, ಅಂದರೆ ನಡುವಿನ ಗಂಟುಗಂಟಾದ ಜಿಗುಟು ಭಾಗಕ್ಕೆ, ಸುತ್ತಲೂ ಮೆತ್ತಗೆ ಸವರಬೇಕು. ಒಂದೇ ಕಡೆ ಒತ್ತಿದರೆ ಬೀಜ ಎಲ್ಲ ಕಡೆ ಕಟ್ಟದೆ ಕಾಯಿ ಸೊಟ್ಟಗಾಗಬಹುದು. ಕೆಲವು ದಿನದಲ್ಲಿ ಕಾಯಿ ದಪ್ಪವಾಗಿ, ಹಸಿರು ಹೊಳಪು ಬಂದರೆ ಗೆದ್ದಂತೆ. ಹಿತ್ತಲಿನಲ್ಲಿ ಮಾಡುವ ಕೆಲಸಗಳಲ್ಲೆಲ್ಲ ನನಗೆ ಇದೇ ಇಷ್ಟ.

ಬಿಸಿಲೇರಿದ ಮೇಲೆ ಬದನೆ ಗಿಡದ ಹತ್ತಿರ ನಿಂತು ಕಿವಿಗೊಡಿ. ನೇರಳೆ ಹೂವಿನ ನಡುವೆ ಹಳದಿ ಕೇಸರಗಳು ಒತ್ತಾಗಿ ನಿಂತಿರುತ್ತವೆ. ಪರಾಗ ಇರುವುದು ಅವುಗಳ ಒಳಗೆ, ಹೊರಬರಲು ತುದಿಯಲ್ಲಿ ಸಣ್ಣ ತೂತು ಮಾತ್ರ. ಮಕರಂದವಂತೂ ಇಲ್ಲ. ತುಡುವೆ ಜೇನಿನ ಕೈಲಿ ಇದು ಆಗದ ಮಾತು. ನೀಲಿ ಪಟ್ಟೆಯ ಒಂಟಿ ಜೇನು ಅಥವಾ ಮರ ಕೊರೆಯುವ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ, ರೆಕ್ಕೆ ಬೀಸದೆ ಹಾರಾಟದ ಸ್ನಾಯುಗಳನ್ನಷ್ಟೇ ಸೆಕೆಂಡಿಗೆ ನೂರಾರು ಸಲ ಅದುರಿಸುತ್ತದೆ. ಪರಾಗ ತೂತಿನಿಂದ ಪುಡಿಯಾಗಿ ಚಿಮ್ಮುತ್ತದೆ. ಹಾರುವಾಗಿನ ಗುಂಯ್ ಎನ್ನುವ ಸದ್ದು ಹೂವಿನ ಮೇಲೆ ಕೂತೊಡನೆ ಕೀರಲಾಗುವುದು ಬರಿಗಿವಿಗೇ ಕೇಳುತ್ತದೆ. ಮಧ್ಯಾಹ್ನದ ಕಡಲಗಾಳಿಗೆ ಗಿಡ ಅಲ್ಲಾಡಿಯೂ ಒಂದಿಷ್ಟು ಪರಾಗ ಉದುರುತ್ತದೆ, ಹಾಗಾಗಿ ದುಂಬಿ ಬಾರದ ಮನೆಯಲ್ಲೂ ಬದನೆ ಪೂರ್ತಿ ಕೈಕೊಡುವುದಿಲ್ಲ.

ಗಿಡಕ್ಕೆ ಹೊತ್ತು ತಿಳಿಯುವುದು ಹೇಗೆ? ಬಿಸಿಲು ನೋಡಿಕೊಂಡು ಎಂದರೆ ಅರ್ಧ ಉತ್ತರ. 1729ರಲ್ಲಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಡಿ ಮೈರಾನ್, ನಮ್ಮ ನಾಚಿಕೆ ಮುಳ್ಳಿನಂಥ ಒಂದು ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಬೆಳಕಿಲ್ಲದಿದ್ದರೂ ಎಲೆ ಹಗಲಿಗೆ ಬಿಚ್ಚಿ ರಾತ್ರಿಗೆ ಮಡಿಚಿಕೊಳ್ಳುತ್ತಲೇ ಇತ್ತು. ಗಡಿಯಾರ ಗಿಡದೊಳಗೇ ಇದೆ, ಬಿಸಿಲು ಅದನ್ನು ದಿನವೂ ಸರಿಪಡಿಸುತ್ತದೆ. ಜೇನಿಗೂ ಅಂಥದ್ದೊಂದಿದೆ. ಜರ್ಮನಿಯ ಇಂಗೆಬೋರ್ಗ್ ಬೆಲಿಂಗ್ 1929ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿತ್ಯ ಒಂದೇ ಹೊತ್ತಿಗೆ ಸಕ್ಕರೆ ನೀರು ಕುಡಿದು ರೂಢಿಯಾದ ಜೇನುಗಳು ಬಟ್ಟಲು ಬರಿದಾಗಿದ್ದ ದಿನವೂ ಅದೇ ಹೊತ್ತಿಗೆ ಹಾಜರಾದವು.

ಹೂ ಅರಳುವ ಹೊತ್ತುಗಳನ್ನು ಜೋಡಿಸಿ ಗಡಿಯಾರ ಮಾಡಬಹುದೆಂದು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನಿಯಸ್ 1751ರಲ್ಲೇ ಬರೆದಿದ್ದ. ಅವನ ಪಟ್ಟಿ ಕಾರವಾರಕ್ಕೆ ಆಗಿಬರುವುದಿಲ್ಲ. ಅವನ ಊರಲ್ಲಿ ಬೇಸಿಗೆಯ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ, ನಮ್ಮಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಎರಡು ಗಂಟೆಯ ಅಂತರವೂ ಇಲ್ಲ. ನಮ್ಮ ಪಟ್ಟಿ ನಾವೇ ಬರೆದುಕೊಳ್ಳಬೇಕು. ಅದರ ಸಂಜೆಯ ಭಾಗ ಇನ್ನೂ ಸ್ವಾರಸ್ಯ. ನಾಲ್ಕೈದು ಗಂಟೆಗೆ ಸಂಜೆಮಲ್ಲಿಗೆ, ಅದರ ಹಿಂದೆಯೇ ಹೀರೆ, ಮುಸ್ಸಂಜೆಗೆ ಹಾಲುಗುಂಬಳ (ಸೋರೆ), ಪಾರಿಜಾತ.

ಹೀರೆಯ ವಿಚಿತ್ರ ನೋಡಿ. ಏಣಿರುವ ಹೀರೆ ಸಂಜೆ ಅರಳಿದರೆ, ಅದರ ಹತ್ತಿರದ ನೆಂಟ ತುಪ್ಪದ ಹೀರೆ ಅರಳುವುದು ಬೆಳಗಿನ ಜಾವ. ಒಂದೇ ಚಪ್ಪರಕ್ಕೆ ಎರಡನ್ನೂ ಹಬ್ಬಿಸಿದರೆ ಒಂದರ ಗಿರಾಕಿ ಪತಂಗ, ಇನ್ನೊಂದರದು ಜೇನು.

ಪತಂಗಗಳಿಗೆ ಬೆಳಕು ಆಗುವುದಿಲ್ಲ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿ ದೀಪ ಹಾಕಿದ ಕಡೆ ಹೂವಿಗೆ ಬರುವ ಕೀಟಗಳ ಭೇಟಿ ಶೇ. 62ರಷ್ಟು ಕಡಿಮೆಯಾಗಿತ್ತು. ಹಿತ್ತಲ ಬಾಗಿಲಿಗೆ ದೊಡ್ಡ ಎಲ್‌ಇಡಿ ಹಾಕಿಸಿಕೊಂಡವರು ಹೀರೆ, ಹಾಲುಗುಂಬಳ ಹೂ ಬಿಡುವ ದಿನಗಳಲ್ಲಾದರೂ ಸಂಜೆ ಆರಿಸಿಡಬಹುದು. ಹಾವಿನ ಹೆದರಿಕೆಗೆ ಕೈಯಲ್ಲಿ ಟಾರ್ಚ್ ಇದ್ದರಾಯಿತು.

ಹಾಲುಗುಂಬಳದ ಬಿಳಿ ಹೂವಿಗೆ ಬರುವ ದಪ್ಪ ಪತಂಗಗಳಲ್ಲಿ ಕೆಲವು ಬೆಳೆಯುವುದೂ ಇದೇ ಹಿತ್ತಲಿನಲ್ಲಿ. ಪತ್ರೊಡೆಗೆಂದು ಕಾದಿಟ್ಟ ಕೆಸುವಿನ ಎಲೆಯನ್ನು ರಾತ್ರಿ ಬೆಳಗಾಗುವುದರೊಳಗೆ ಮುಕ್ಕುವ, ಬಾಲದಲ್ಲಿ ಕೊಂಬಿರುವ ಹುಳ ಇವುಗಳದೇ ಮರಿ. ಹುಳ ಹೆಕ್ಕುವಾಗ ಒಂದೆರಡನ್ನು ಬಿಟ್ಟರೆ ಪತ್ರೊಡೆಯ ಸುರುಳಿ ತುಸು ಸಣ್ಣದಾದೀತು, ಅಷ್ಟೆ.