ಮಲ್ಲಿಗೆ ಅತ್ತರು ಮಧ್ಯಾಹ್ನಕ್ಕೆ ಗಂಧವಾದರೆ ನಕಲಿಯೇ?

ಪ್ರಶ್ನೆ: ಬೆಳಿಗ್ಗೆ ಮಣಿಕಟ್ಟಿಗೆ ಹಚ್ಚಿದ ಮಲ್ಲಿಗೆ ಅತ್ತರು ಮಧ್ಯಾಹ್ನದ ಹೊತ್ತಿಗೆ ಬರೀ ಶ್ರೀಗಂಧದ ಹಾಗೆ ಘಮಿಸುತ್ತದೆ. ಅಂಗಡಿಯವರು ಮೋಸ ಮಾಡಿದರೇ?

ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಎಷ್ಟು ಸಲ ಕೇಳಿದರೂ ಉತ್ತರ ಒಂದೇ: ಕೊನೆಗೆ ಗಂಧ ಉಳಿಯುವುದು ಮೋಸದ ಗುರುತಲ್ಲ.

ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನಲ್ಲಿ ದುಂಡುಮಲ್ಲಿಗೆಯ ಅತ್ತರಿಗೆ ‘ಮೋತಿಯಾ’ ಎನ್ನುತ್ತಾರೆ. ‘ದೇಗ್’ ಎಂಬ ತಾಮ್ರದ ಹಂಡೆಗೆ ಹೂವು, ನೀರು ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಹಬೆಯು ಬಿದಿರಿನ ಕೊಳವೆಯಲ್ಲಿ ಹಾದು ತಣ್ಣೀರಿನ ತೊಟ್ಟಿಯಲ್ಲಿಟ್ಟ ‘ಭಪ್ಕಾ’ ಎಂಬ ಪಾತ್ರೆಗೆ ಇಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಆ ಭಪ್ಕಾದೊಳಗೆ ಮೊದಲೇ ಶ್ರೀಗಂಧದೆಣ್ಣೆ ಇರುತ್ತದೆ. ಹೂವಿನ ಪರಿಮಳವನ್ನು ಹಿಡಿದಿಟ್ಟುಕೊಳ್ಳುವುದು ಅದೇ. ನೀರು ಬಸಿದು, ಹೊಸ ಹೂವು ಹಾಕಿ, ದಿನಗಟ್ಟಲೆ ಮತ್ತೆ ಮತ್ತೆ ಇದನ್ನೇ ಮಾಡುತ್ತಾರೆ. ಶೀಶೆಯಲ್ಲಿರುವುದು ಬಹುಪಾಲು ಗಂಧದೆಣ್ಣೆಯೇ.

ಆದರೂ ‘ಅಸಲಿ ಅತ್ತರು ಬೆಳಗಿನಿಂದ ಸಂಜೆವರೆಗೆ ಒಂದೇ ವಾಸನೆ’ ಎಂಬ ನಂಬಿಕೆ ಮಾತ್ರ ಅಲ್ಲಾಡುವುದಿಲ್ಲ. ಇದು ಸಾಧ್ಯವೇ ಇಲ್ಲ. ಮಲ್ಲಿಗೆಯ ಪರಿಮಳ ಒಂದೇ ವಸ್ತುವಲ್ಲ. ಅದರಲ್ಲಿ ಹಗುರ, ತಾಜಾ ವಾಸನೆಯ ಲಿನಲೂಲ್ 198 ಡಿಗ್ರಿಯಲ್ಲಿ, ಹಣ್ಣಿನ ಸಿಹಿ ಕೊಡುವ ಬೆಂಜೈಲ್ ಅಸಿಟೇಟ್ ಸುಮಾರು 212ರಲ್ಲಿ ಕುದಿಯುತ್ತವೆ. ಹೂವಿಗೆ ಆ ಗಾಢವಾದ, ತುಸು ಮೂಗಿಗೆ ಹತ್ತುವ ಗುಣ ಕೊಡುವ ಇಂಡೋಲ್ ಕುದಿಯಲು 254 ಡಿಗ್ರಿ ಬೇಕು. ಗಂಧದ ಸ್ಯಾಂಟಲಾಲ್‌ಗೆ 300ಕ್ಕೂ ಹೆಚ್ಚು. ಮಣಿಕಟ್ಟಿನ ಚರ್ಮ ಸುಮಾರು 32 ಡಿಗ್ರಿ ಬೆಚ್ಚಗಿರುತ್ತದೆ. ಅಲ್ಲಿ ಯಾವುದೂ ಕುದಿಯುವುದಿಲ್ಲ, ಆದರೆ ಎಲ್ಲವೂ ಆರುತ್ತವೆ. ಕಡಿಮೆ ಬಿಸಿಗೇ ಕುದಿಯುವ ಹಗುರವಾದದ್ದು ಮೊದಲು, ಭಾರದ್ದು ಕೊನೆಗೆ. ಹಚ್ಚಿದ ಮೊದಲ ಕಾಲು ಗಂಟೆ ಹಸಿರು, ಸಿಹಿ. ಆಮೇಲೆ ತುಂಬು ಮಲ್ಲಿಗೆ. ಕೆಲವು ಗಂಟೆ ಕಳೆದರೆ ಗಂಧ. ಸೆಕೆ ಹೆಚ್ಚಿದಷ್ಟೂ ಹೂವಿನ ಭಾಗ ಬೇಗ ಮುಗಿಯುತ್ತದೆ. ಇಡೀ ದಿನ ಒಂಚೂರೂ ಬದಲಾಗದ ‘ಮಲ್ಲಿಗೆ’ ಸಿಕ್ಕರೆ ಅನುಮಾನಪಡಬೇಕಾದದ್ದು ಅದರ ಮೇಲೆ.

ಹಾಗೆಂದು ಗಂಧ ಬಂದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಗಂಧದ ವಾಸನೆಯ ಕೃತಕ ರಾಸಾಯನಿಕಗಳಿವೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಭಪ್ಕಾಕ್ಕೆ ಲಿಕ್ವಿಡ್ ಪ್ಯಾರಫಿನ್ ಎಂಬ ಅಗ್ಗದ, ವಾಸನೆಯಿಲ್ಲದ ಎಣ್ಣೆ ಹಾಕುವವರೂ ಇದ್ದಾರೆ. ಅಂಥದ್ದರಲ್ಲಿ ಮಲ್ಲಿಗೆ ಹೋದ ಮೇಲೆ ಜಿಡ್ಡೊಂದೇ ಉಳಿಯುತ್ತದೆ. ಖಚಿತವಾಗಿ ಹೇಳಲು ಪ್ರಯೋಗಾಲಯವೇ ಬೇಕು.

ಹಚ್ಚುವಾಗ ಶೀಶೆಯ ಕಡ್ಡಿಯ ತುದಿಯಷ್ಟು ಸಾಕು. ಎರಡೂ ಮಣಿಕಟ್ಟು ಉಜ್ಜಬೇಡಿ. ಉಜ್ಜಿದರೆ ಪರಿಮಳದ ಕಣಗಳು ‘ಒಡೆಯುತ್ತವೆ’ ಎನ್ನುವವರಿದ್ದಾರೆ; ಹಾಗೇನೂ ಆಗುವುದಿಲ್ಲ. ಎಣ್ಣೆ ತೆಳ್ಳಗೆ ಹರಡಿ, ಬಿಸಿಯಾಗಿ, ಮೊದಲ ಘಮ ಬೇಗ ಹಾರಿಹೋಗುತ್ತದೆ, ಅಷ್ಟೇ. ಒಣ ಚರ್ಮವಾದರೆ ಮೊದಲು ವಾಸನೆಯಿಲ್ಲದ ವ್ಯಾಸಲಿನ್ ಸವರಿ. ರೇಷ್ಮೆ ಸೀರೆಗೆ ತಾಗಿಸಬೇಡಿ, ಕಲೆ ಹೋಗದು. ‘ಅರ್ಧ ಗಂಟೆಗೇ ಮಾಯವಾಯ್ತು’ ಅನ್ನಿಸಿದರೆ ಪಕ್ಕದವರನ್ನು ಕೇಳಿ: ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಬಿಡುತ್ತದೆ, ಅವರಿಗಿನ್ನೂ ಬರುತ್ತಿರುತ್ತದೆ.

ಹಾಗಾದರೆ ಮುಡಿದ ದಂಡೆ ರಾತ್ರಿಯಿಡೀ ಮಲ್ಲಿಗೆಯಾಗಿಯೇ ಘಮಿಸುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದ ಪ್ರಶ್ನೆ ಇದು. ಹಗಲು ಕಿತ್ತ ಮೊಗ್ಗು ಸತ್ತಿರುವುದಿಲ್ಲ. ಸಂಜೆ ಅರಳಿ, ಪರಿಮಳವನ್ನು ಹೊಸದಾಗಿ ತಯಾರಿಸುತ್ತ ಬಿಡುತ್ತಲೇ ಇರುತ್ತದೆ. ಅತ್ತರಿನಲ್ಲಿ ಇರುವಷ್ಟೇ ಇರುವುದು; ಹೋದದ್ದನ್ನು ತುಂಬಲು ಅಲ್ಲಿ ಹೂವಿಲ್ಲ. ಇದನ್ನು ಅರಿತೋ ಏನೋ, ಹಿಂದಿನವರು ಹೂವನ್ನು ಬೇಯಿಸದೆ ಎಳ್ಳಿನ ನಡುವೆ ಪದರ ಪದರವಾಗಿ ಹರಡುತ್ತಿದ್ದರು. ಬಾಡಿದ್ದನ್ನು ತೆಗೆದು ಹೊಸ ಹೂವು ಹಾಕಿ, ಪರಿಮಳ ಕುಡಿದ ಎಳ್ಳನ್ನು ಕೊನೆಗೆ ಗಾಣಕ್ಕೆ ಹಾಕಿದರೆ ತಲೆಗೆ ಹಚ್ಚುವ ಹೂವಿನೆಣ್ಣೆ ಸಿದ್ಧ.