ಹಳ್ಳದ ನೀರು ಅಳೆಯುವುದು: ಟೇಪು, ಕೋಲು, ನಿಂಬೆಹಣ್ಣು

ಫೀಲ್ಡ್ ರಿಪೋರ್ಟಿನಲ್ಲಿ "ಹಳ್ಳದಲ್ಲಿ ನೀರು ಚೆನ್ನಾಗಿ ಹರಿಯುತ್ತಿತ್ತು" ಅಂತ ಬರೆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಚೆನ್ನಾಗಿ ಅಂದರೆ ಎಷ್ಟು? ಸೆಕೆಂಡಿಗೆ ಎಷ್ಟು ಲೀಟರ್? ಇದನ್ನು ಕಂಡುಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ನನ್ನ ಮೊದಲ ಲೆಕ್ಕ ತಪ್ಪಾಗಿತ್ತು, ಆ ತಪ್ಪನ್ನೂ ಇಲ್ಲೇ ಹೇಳುತ್ತೇನೆ.

ಸೂತ್ರ ಒಂದೇ. ಹಳ್ಳದ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರಿನ ವೇಗದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಅಡ್ಡಕೊಯ್ತ ಅಂದರೆ ಬಾಳೆದಿಂಡನ್ನು ಅಡ್ಡಡ್ಡ ಕೊಯ್ದಾಗ ಕಾಣುತ್ತದಲ್ಲ, ಆ ಥರದ ಮುಖ. ನೇರವಾಗಿ ಹರಿಯುವ ಜಾಗ ಹುಡುಕಿ. ತಿರುವು, ಮಡು, ದೊಡ್ಡ ಬಂಡೆ ಇರುವ ಕಡೆ ಬೇಡ. ನೀರು ಮೊಣಕಾಲು ದಾಟಿದ್ದರೆ ಇಳಿಯಲೇಬೇಡಿ, ಮಳೆಗಾಲದಲ್ಲಂತೂ ದಡದಲ್ಲೇ ಇರಿ.

ಈಗ ಒಂದು ಲೆಕ್ಕ ಮಾಡೋಣ. ನಾವು ಅಳೆದ ಹಳ್ಳದ ಅಗಲ 3 ಮೀಟರ್. ಈ ದಡದಿಂದ ಆ ದಡಕ್ಕೆ ಟೇಪು ಎಳೆದು, ಪ್ರತಿ ಅರ್ಧ ಮೀಟರಿಗೆ ಗುರುತು ಹಾಕಿದ ಕೋಲು ಇಳಿಸಿ ಆಳ ನೋಡಿದೆವು: 12, 20, 26, 18, 10 ಸೆಂ.ಮೀ. ನಾನು ಎಡವಿದ್ದು ಇಲ್ಲೇ. ಐದು ಸಂಖ್ಯೆ ಇವೆ ಅಂತ ಸುಮ್ನೆ ಐದರಿಂದ ಭಾಗಿಸಿ ಸರಾಸರಿ ತೆಗೆದೆ, 17.2 ಬಂತು. ಆದರೆ ಎರಡೂ ದಡದಲ್ಲಿ ಆಳ ಸೊನ್ನೆ ಅಲ್ವಾ? ಆ ಸೊನ್ನೆಗಳೂ ಲೆಕ್ಕಕ್ಕೆ ಬರುತ್ತವೆ. ಐದು ಅಳತೆಗಳಿಂದ ಹಳ್ಳ ಅರ್ಧ ಮೀಟರಿನ ಆರು ತುಂಡಾಗಿದೆ, ಹಾಗಾಗಿ ಆರರಿಂದ ಭಾಗಿಸಬೇಕು. 86 ಭಾಗಿಸು 6, ಅಂದರೆ 14.3 ಸೆಂ.ಮೀ. ಅದನ್ನು 3 ಮೀಟರ್ ಅಗಲದಿಂದ ಗುಣಿಸಿದರೆ 0.43 ಚದರ ಮೀಟರ್. ನನ್ನ ತಪ್ಪು ಲೆಕ್ಕದಲ್ಲಿ ಹಳ್ಳಕ್ಕೆ ಶೇ 20ರಷ್ಟು ನೀರು ಜಾಸ್ತಿ ಬಂದಿತ್ತು!

ವೇಗಕ್ಕೆ ನಿಂಬೆಹಣ್ಣು. ಒಣ ಎಲೆಯನ್ನೋ ಥರ್ಮಕೋಲನ್ನೋ ಬಿಟ್ಟರೆ ನೀರಿಗಿಂತ ಗಾಳಿಯೇ ಅದನ್ನು ತಳ್ಳುತ್ತದೆ. ನಿಂಬೆಹಣ್ಣು ಬಹುಪಾಲು ಮುಳುಗಿಕೊಂಡು ನೀರಿನ ಜೊತೆಗೇ ಹೋಗುತ್ತದೆ, ಹಳದಿ ಬಣ್ಣ ದೂರಕ್ಕೂ ಕಾಣುತ್ತದೆ. 10 ಮೀಟರ್ ದೂರಕ್ಕೆ ಎರಡು ಗುರುತು ಹಾಕಿ, ಮೇಲಿನ ಗುರುತಿಗಿಂತ ಸ್ವಲ್ಪ ಹಿಂದಿನಿಂದ ಹಣ್ಣು ಬಿಡಿ, ನಡುವೆ, ಎಡಕ್ಕೆ, ಬಲಕ್ಕೆ ಅಂತ ಐದಾರು ಸಲ. ಕಲ್ಲಿಗೆ ಸಿಕ್ಕಿಕೊಂಡದ್ದನ್ನು ಬಿಟ್ಟುಬಿಡಿ. ಸರಾಸರಿ 25 ಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 0.4 ಮೀಟರ್. ಇದು ಮೇಲ್ಮೈ ವೇಗ ಮಾತ್ರ. ತಳದ ನೀರು ಕಲ್ಲು, ಮರಳಿಗೆ ಉಜ್ಜಿಕೊಂಡು ನಿಧಾನ ಹೋಗುವುದರಿಂದ ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ, ತಳ ತುಂಬಾ ಒರಟಾಗಿದ್ದರೆ ಇನ್ನೂ ಕಡಿಮೆ. ನಮಗೆ 0.34 ಬಂತು. 0.43 ಗುಣಿಸು 0.34, ಅಂದರೆ ಸೆಕೆಂಡಿಗೆ 0.146 ಘನ ಮೀಟರ್. ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್, ಹಾಗಾಗಿ ಸೆಕೆಂಡಿಗೆ ಸುಮಾರು 146 ಲೀಟರ್.

20 ಲೀಟರಿನ ನೀರಿನ ಕ್ಯಾನ್ ಏಳು, ಪ್ರತಿ ಸೆಕೆಂಡಿಗೆ! ಪತ್ರಿಕೆಯಲ್ಲಿ ಅಣೆಕಟ್ಟಿನ ಒಳಹರಿವು ಇಷ್ಟು ಕ್ಯುಸೆಕ್ ಅಂತ ಬರುತ್ತದಲ್ಲ, ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ನಮ್ಮ ಹಳ್ಳದ್ದು ಐದು ಕ್ಯುಸೆಕ್ಕಿಗಿಂತ ತುಸು ಜಾಸ್ತಿ.

ಒಂದು ದಿನದ ಅಳತೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮಳೆ ನಿಂತು ತಿಂಗಳುಗಳಾದ ಮೇಲೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಷ್ಟು ಹರಿಯುತ್ತದೆ ಅನ್ನುವುದೇ ನನಗೆ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಆಗ ಹರಿಯುವುದು ಮಣ್ಣಿನೊಳಗೆ ಇಂಗಿದ್ದ ನೀರು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಇದೆ. ಅಲ್ಲಿನ ಕೆಸರಿನಲ್ಲಿ ಗಾಳಿ ಸಾಲದೆ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ನೆಲದಿಂದ ಮೇಲೆದ್ದು ಉಸಿರಾಡುತ್ತವೆ. ವರ್ಷಪೂರ್ತಿ ತೇವ ಇದ್ದರೆ ಮಾತ್ರ ಈ ಜೌಗು ಬದುಕುತ್ತದೆ. ಸುತ್ತಲಿನ ಕಾಡು ಹೋದರೆ ಮೊದಲು ಕಡಿಮೆಯಾಗುವುದು ಬೇಸಿಗೆಯ ಹರಿವು. ಜೂನ್ ತಿಂಗಳ ಅಳತೆಯಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ.

ನೀರು ಎಷ್ಟು ಚೊಕ್ಕ ಅಂತ ತಿಳಿಯಲು ಕಲ್ಲಿನಡಿಯ ಹುಳ ನೋಡುವುದಿದ್ದರೆ ನೀರು ಅಳೆಯುವ ಮೊದಲೇ ನೋಡಿ, ಆಮೇಲೆ ನಾವೇ ತಳ ತುಳಿದು ರಾಡಿ ಮಾಡಿರುತ್ತೇವೆ. ಅಂಗೈ ಅಗಲದ ಕಲ್ಲನ್ನು ಮೆಲ್ಲಗೆ ಎತ್ತಿ ಮಗುಚಿ. ಅಲ್ಲಿ ಕಾಣುವುದು ಹಾರುವ ಕೀಟಗಳ ಮರಿಗಳು: ಎರಡು ಬಾಲದ್ದು ಸ್ಟೋನ್‌ಫ್ಲೈ, ಸಾಮಾನ್ಯವಾಗಿ ಮೂರು ಬಾಲ ಇರುವುದು ಮೇಫ್ಲೈ, ಮರಳಿನ ಕಾಳು ಅಂಟಿಸಿ ಗೂಡು ಕಟ್ಟಿಕೊಂಡಿದ್ದರೆ ಕ್ಯಾಡಿಸ್‌ಫ್ಲೈ. ಇವಕ್ಕೆಲ್ಲ ಆಮ್ಲಜನಕ ಚೆನ್ನಾಗಿರುವ ನೀರು ಬೇಕು. ಇವು ಯಾವುವೂ ಇಲ್ಲದೆ ಬರೀ ಕೆಂಪು ಎಳೆಹುಳಗಳೇ ತುಂಬಿದ್ದರೆ ಮೇಲುಗಡೆ ಎಲ್ಲಿಂದಲೋ ಕೊಳಕು ಸೇರುತ್ತಿರಬಹುದು, ಹೋಗಿ ನೋಡಿ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೇ ಇಡಿ.

ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಕೊನೆಯ ಮಳೆ ಯಾವಾಗ ಬಂತು, ಟೇಪು ಕಟ್ಟಿದ್ದು ಯಾವ ಮರಕ್ಕೆ, ಎಲ್ಲ ಅಲ್ಲೇ ನಿಂತು ಬರೆಯಿರಿ. ಪೆನ್ಸಿಲಿನಲ್ಲಿ. ನನ್ನ ಪೆನ್ನಿನ ಮೊದಲ ಪುಟ ಈಗ ಬರೀ ನೀಲಿ ಕಲೆ.