ಗಾಯ ನಿಜ, ಆದರೆ ಅದು ಕೆಲಸದ್ದೇ?

ಕಾರ್ಮಿಕರ ಪರಿಹಾರದ ಪ್ರಕರಣಗಳಲ್ಲಿ ಗಾಯವಾದದ್ದು ನಿಜವೇ ಎಂಬ ವಾದ ಹೆಚ್ಚು ದಿನ ನಡೆಯುವುದಿಲ್ಲ. ಆ ಗಾಯ ಕೆಲಸಕ್ಕೆ ಸೇರಿದ್ದೇ ಎಂಬ ವಾದವೇ ವರ್ಷಗಟ್ಟಲೆ ಎಳೆಯುತ್ತದೆ. ಅಪಘಾತವು ಉದ್ಯೋಗದಿಂದ ಉಂಟಾಗಿರಬೇಕು, ಉದ್ಯೋಗದ ಅವಧಿಯಲ್ಲಿಯೇ ಸಂಭವಿಸಿರಬೇಕು ಎಂಬ ಷರತ್ತು ಬ್ರಿಟನ್ನಿನ 1897ರ ಕಾಯ್ದೆಯಲ್ಲಿತ್ತು. ಭಾರತದ 1923ರ ಕಾಯ್ದೆಯೂ, ಅಮೆರಿಕದ ಹಲವು ರಾಜ್ಯಗಳ ಕಾನೂನುಗಳೂ ಅದನ್ನೇ ಅಳವಡಿಸಿಕೊಂಡವು. ಷರತ್ತಿನ ಮೊದಲ ಭಾಗ ಕಾರಣವನ್ನು ಕೇಳುತ್ತದೆ, ಎರಡನೆಯ ಭಾಗ ಹೊತ್ತು ಮತ್ತು ಜಾಗವನ್ನು. ಕೆಲಸವೆಂದರೆ ಗೋಡೆ, ಗೇಟು, ಸೈರನ್ ಎಂದಿದ್ದ ಕಾಲದಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು.

ಈ ವ್ಯವಸ್ಥೆಯ ತಳದಲ್ಲಿರುವುದು ಒಂದು ರಾಜಿ. ಕಾರ್ಮಿಕನು ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ; ಅದಕ್ಕೆ ಪ್ರತಿಯಾಗಿ ಪೂರ್ಣ ನಷ್ಟವನ್ನು ಕೇಳುವ ಬದಲು ಸೂತ್ರದ ಪ್ರಕಾರ ಲೆಕ್ಕ ಹಾಕಿದ ಮೊತ್ತಕ್ಕೆ ಒಪ್ಪುತ್ತಾನೆ. ಅವನಿಗಾಗುವ ಲಾಭವೆಂದರೆ ತಪ್ಪು ಹುಡುಕುವ ಗೋಜಿಲ್ಲದೆ ಹಣ ಬೇಗ ಕೈಸೇರುವುದು. ಗಾಯ ಕೆಲಸದ ಗಡಿಯೊಳಗಿನದೇ ಎಂಬ ತಕರಾರು ಮೇಲಿನ ನ್ಯಾಯಾಲಯಗಳನ್ನು ಹತ್ತಿದರೆ ಆ ಲಾಭವೂ ಉಳಿಯುವುದಿಲ್ಲ. ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ನಸುಕಿನ ಪಾಳಿಗೆ ಹೋಗುವಾಗ ರಸ್ತೆ ಅಪಘಾತದಲ್ಲಿ ಸತ್ತ ಪ್ರಕರಣದಲ್ಲಿ, ಹೊತ್ತು, ಜಾಗ ಮತ್ತು ಸನ್ನಿವೇಶಗಳಿಗೆ ಉದ್ಯೋಗದೊಂದಿಗೆ ನಂಟಿದ್ದರೆ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತಕ್ಕೂ ಪರಿಹಾರ ಸಲ್ಲುತ್ತದೆಂದು ಭಾರತದ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜುಲೈನಲ್ಲಿ. ತೀರ್ಪು ಸರಿಯಾಗಿಯೇ ಇದೆ. ಆದರೆ ಕುಟುಂಬ ಕಾದದ್ದು 22 ವರ್ಷ.

ಮನೆಯೇ ಕಚೇರಿಯಾದಾಗ ದಾರಿ ಇನ್ನೂ ಕಿರಿದಾಗುತ್ತದೆ. ಮಲಗುವ ಕೋಣೆಯಿಂದ ಕೆಳಗಿನ ಮಹಡಿಯ ಕೆಲಸದ ಕೋಣೆಗೆ ಇಳಿಯುವಾಗ ಮೆಟ್ಟಿಲಿನಿಂದ ಬಿದ್ದವನಿಗೂ ಅಪಘಾತ ವಿಮೆಯ ರಕ್ಷಣೆಯುಂಟು ಎಂದು ಜರ್ಮನಿಯ ಫೆಡರಲ್ ಸಾಮಾಜಿಕ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಅದೇ ವರ್ಷ ಅಲ್ಲಿನ ಸಂಸತ್ತು ಕಾನೂನನ್ನು ತಿದ್ದಿ, ಮನೆಯಲ್ಲಿ ಕೆಲಸ ಮಾಡುವವರಿಗೂ ಕಚೇರಿಯಲ್ಲಿರುವವರಷ್ಟೇ ರಕ್ಷಣೆ ಎಂದಿತ್ತು. ಶಾಸನವೇ ಗಡಿಯನ್ನು ಹೇಳಿಬಿಡುವ ಈ ಕ್ರಮವೇ ನನಗೆ ಮೇಲೆನಿಸುತ್ತದೆ.

ಆಪ್‌ಗಳ ಮೂಲಕ ದುಡಿಯುವವರ ಸ್ಥಿತಿ ಇನ್ನೂ ಕಠಿಣ, ಏಕೆಂದರೆ ಅವರು ಉದ್ಯೋಗಿಗಳೇ ಎಂಬ ಪ್ರಶ್ನೆಯೇ ಮೊದಲು ಇತ್ಯರ್ಥವಾಗಬೇಕು. ಭಾರತದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಗಿಗ್ ಕಾರ್ಮಿಕರನ್ನು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗಿಟ್ಟು, ಅವರಿಗೆ ಪ್ರತ್ಯೇಕ ಯೋಜನೆಗಳನ್ನು ಸೂಚಿಸುತ್ತದೆ. ಯೋಜನೆಯನ್ನು ಸರ್ಕಾರ ರೂಪಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾಲೀಕನ ಮೇಲೆ ಶಾಸನವೇ ಹೊರಿಸುವ ಹೊಣೆ ಹಾಗಲ್ಲ.

ಇಂಥ ಕಕ್ಷಿದಾರರು ಬಂದಾಗ ನಾನು ಮೊದಲು ಕೇಳುವುದು ಗಾಯಾಳುವಿನ ಫೋನನ್ನು. ಲಾಗಿನ್ ಆದ ಸಮಯ, ಆರ್ಡರ್ ಸಿಕ್ಕ ಗಳಿಗೆ, ಮೇಲಧಿಕಾರಿ ಕಳುಹಿಸಿದ ಸಂದೇಶ ಇವೇ ಇಂದಿನ ಹಾಜರಿ ಪುಸ್ತಕ. ಆದರೆ ಇವುಗಳ ಮೂಲ ಪ್ರತಿ ಇರುವುದು ಸಂಸ್ಥೆಯ ಸರ್ವರಿನಲ್ಲಿ. ದಾಖಲೆ ಯಾರ ವಶದಲ್ಲಿದೆಯೋ ಸಾಬೀತುಪಡಿಸುವ ಭಾರವೂ ಅವರದೇ ಆಗಬೇಕೆಂಬುದು ನನ್ನ ವಾದ. ಕಾನೂನು ಹಾಗೆ ಬದಲಾಗುವವರೆಗೆ, ಅಪಘಾತವಾದ ಕೆಲವೇ ದಿನಗಳಲ್ಲಿ ಆ ದಾಖಲೆಗಳನ್ನು ಅಳಿಸಬಾರದೆಂದು ಸಂಸ್ಥೆಗೆ ಲಿಖಿತ ನೋಟಿಸು ಕಳುಹಿಸಿ, ಅದು ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ.